ಎಲ್ಲರ ಎರಡನೆಯ ಭಾಷೆ

ಮನುಷ್ಯರು ಮನೆ ಕಟ್ಟುತ್ತಾರೆ, ಕೆರೆ ಕಟ್ಟುತ್ತಾರೆ, ಸಂಘ ಕಟ್ಟುತ್ತಾರೆ. ಒಬ್ಬರೇ ಕೂತು ಒಂದು ಇಡೀ ಭಾಷೆ ಕಟ್ಟಿದವರ ಬಗ್ಗೆ ನೀವು ಕೇಳಿದ್ದೀರಾ? ಡಾ. ಲುಡ್ವಿಕ್ ಜಾಮೆನ್‌ಹೋಫ್ ಅಂಥವರು. ವೃತ್ತಿಯಿಂದ ಅವರು ಕಣ್ಣಿನ ವೈದ್ಯರು. ಅವರು ಕಟ್ಟಿದ ಭಾಷೆಯ ಹೆಸರು ಎಸ್ಪೆರಾಂಟೊ. ಅವರು ತೀರಿಕೊಂಡು ನೂರು ವರ್ಷ ದಾಟಿದೆ. ಆದರೂ ಬೇರೆ ಬೇರೆ ದೇಶಗಳಲ್ಲಿ ಜನ ಇವತ್ತಿಗೂ ಆ ಭಾಷೆಯಲ್ಲಿ ಮಾತನಾಡುತ್ತಾರೆ, ಪುಸ್ತಕ ಬರೆಯುತ್ತಾರೆ.

ಅವರ ಬಗ್ಗೆ ನಾನು ಬರೆಯುವುದಕ್ಕೆ ಒಂದು ಕಾರಣವಿದೆ. ನಮ್ಮ ಮನೆಮಾತು ಉರ್ದು. ಪಿಯುಸಿಗೆ ಸೇರುವಾಗ ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆ ಆರಿಸಿಕೊಳ್ಳಬೇಕು ಎಂಬುದು ನಿಮಗೆಲ್ಲ ಗೊತ್ತು. ನಾನು ಕನ್ನಡ ಎಂದೆ. ಅಜ್ಜಂಪುರದಲ್ಲಿರುವ ನಮ್ಮ ನಾನಿಗೆ ಇದರಿಂದ ಬಹಳ ಬೇಸರವಾಯಿತು. ಮನೆಯ ಮಕ್ಕಳೇ ಉರ್ದು ಬಿಟ್ಟರೆ ಕಪಾಟಿನಲ್ಲಿರುವ ಪುಸ್ತಕಗಳನ್ನು ನಾಳೆ ಯಾರು ತೆಗೆದು ಓದುತ್ತಾರೆ ಎಂದು ಕೇಳಿದರು. ಅಬ್ಬಾ ತರೀಕೆರೆಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಕನ್ನಡ ಸರಿಯಾಗಿ ಬರೆಯಲು ಬಂದರೆ ಮಾತ್ರ ಇಲ್ಲಿ ಕೆಲಸ ಸಿಗುತ್ತದೆ ಎಂಬುದು ಅವರ ಅನುಭವ. ಇಬ್ಬರು ಹೇಳುವುದೂ ನನಗೆ ಸರಿ ಎನಿಸುತ್ತಿತ್ತು. ಆ ದಿನಗಳಲ್ಲೇ ನಾನು ಜಾಮೆನ್‌ಹೋಫ್ ಅವರ ಜೀವನದ ಬಗ್ಗೆ ಓದಿದೆ. ಒಂದು ಭಾಷೆಯನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕೇ ಎಂಬ ನನ್ನ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರ ಇದೆ ಎಂದು ನನಗೆ ತೋರಿತು.

ಜಾಮೆನ್‌ಹೋಫ್ ಹುಟ್ಟಿದ್ದು 1859ರ ಡಿಸೆಂಬರ್ 15ರಂದು, ಬಿಯಾಲಿಸ್ಟಾಕ್ ಎಂಬ ಊರಿನಲ್ಲಿ. ಇಂದು ಆ ಊರು ಪೋಲೆಂಡಿನಲ್ಲಿದೆ. ಆಗ ಅದು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಅವರದು ಯಹೂದಿ ಕುಟುಂಬ. ತಂದೆ ಮಾರ್ಕುಸ್ ಭಾಷೆಗಳನ್ನು ಕಲಿಸುವ ಮೇಷ್ಟ್ರು, ಬಹಳ ಶಿಸ್ತಿನ ಮನುಷ್ಯ. ತಾಯಿ ರೊಜಾಲಿಯಾ. ಆ ಊರಿನಲ್ಲಿ ಯಹೂದಿಗಳು ಯಿಡ್ಡಿಷ್ ಮಾತನಾಡುತ್ತಿದ್ದರು, ಪೋಲರು ಪೋಲಿಷ್, ಜರ್ಮನರು ಜರ್ಮನ್, ಸರ್ಕಾರದವರು ರಷ್ಯನ್. ಸುತ್ತಲಿನ ಹಳ್ಳಿಗಳಿಂದ ಬರುವವರ ಮಾತು ಬೆಲರೂಸಿಯನ್.

ಇದರಲ್ಲಿ ಏನು ವಿಶೇಷ ಎಂದು ನಮ್ಮ ಕಡೆಯವರು ಕೇಳಬಹುದು. ಕಡೂರಿನ ಸಂತೆಗೆ ಹೋದರೆ ಕನ್ನಡ, ಉರ್ದು, ಲಂಬಾಣಿ, ತೆಲುಗು, ತಮಿಳು ಎಲ್ಲವೂ ಕಿವಿಗೆ ಬೀಳುತ್ತವೆ. ಒಬ್ಬರೇ ವ್ಯಾಪಾರಿ ತಕ್ಕಡಿ ಕೆಳಗಿಡುವುದರೊಳಗೆ ಮೂರು ಭಾಷೆ ಬದಲಾಯಿಸುತ್ತಾರೆ. ಬಿಯಾಲಿಸ್ಟಾಕ್‌ನಲ್ಲಿ ಹೀಗಿರಲಿಲ್ಲ. ಅಲ್ಲಿ ಬಾಯಿ ತೆರೆದರೆ ಸಾಕು, ಇವನು ನಮ್ಮವನೋ ಶತ್ರುವೋ ಎಂದು ತೀರ್ಮಾನವಾಗುತ್ತಿತ್ತು. ಬೀದಿಯಲ್ಲಿ ಬೈಗುಳ, ಹೊಡೆದಾಟ ಎಂದಿನ ಸಂಗತಿ. ಮನುಷ್ಯರೆಲ್ಲ ಒಂದೇ ಎಂದು ಮನೆಯಲ್ಲಿ ಕಲಿತ ಹುಡುಗನಿಗೆ ಬೀದಿಯಲ್ಲಿ ಮನುಷ್ಯರೇ ಕಾಣುತ್ತಿರಲಿಲ್ಲ. ರಷ್ಯನರು, ಪೋಲರು, ಜರ್ಮನರು, ಯಹೂದಿಗಳು ಮಾತ್ರ ಕಾಣುತ್ತಿದ್ದರು. ದೊಡ್ಡವನಾದ ಮೇಲೆ ಇದಕ್ಕೆ ಏನಾದರೂ ಮಾಡಬೇಕು ಎಂದು ಆಗಲೇ ಅಂದುಕೊಂಡನಂತೆ.

1873ರಲ್ಲಿ ಕುಟುಂಬ ವಾರ್ಸಾ ನಗರಕ್ಕೆ ಬಂತು. ಅಲ್ಲಿನ ಶಾಲೆಯಲ್ಲಿ ಜಾಮೆನ್‌ಹೋಫ್ ಗ್ರೀಕ್, ಲ್ಯಾಟಿನ್ ಕಲಿತರು. ಹಳೆಯ ಲ್ಯಾಟಿನ್ನನ್ನೇ ಎಲ್ಲರಿಗೂ ಕಲಿಸಿದರೆ ಹೇಗೆ ಎಂದು ಮೊದಲು ಯೋಚಿಸಿದರು. ಆದರೆ ಅದರ ವ್ಯಾಕರಣ ಸಾಮಾನ್ಯ ಜನಕ್ಕೆ ಏರಲಾಗದ ಬೆಟ್ಟ. ಆಮೇಲೆ ಇಂಗ್ಲಿಷ್ ಕಲಿಯುವಾಗ, ಕ್ರಿಯಾಪದಕ್ಕೆ ಇಷ್ಟೊಂದು ರೂಪಗಳು ಬೇಕಾಗಿಯೇ ಇಲ್ಲ ಎಂಬುದು ಅವರಿಗೆ ಹೊಳೆಯಿತು. ವ್ಯಾಕರಣವನ್ನು ಕೆಲವೇ ಪುಟಗಳಿಗೆ ಇಳಿಸಿದರು. ಉಳಿದದ್ದು ಪದಗಳ ಸಮಸ್ಯೆ. ಒಂದು ಭಾಷೆಯಲ್ಲಿ ಸಾವಿರಾರು ಪದಗಳಿರುತ್ತವೆ. ಅಷ್ಟನ್ನೂ ಯಾರು ಬಾಯಿಪಾಠ ಮಾಡುತ್ತಾರೆ?

ಇದಕ್ಕೆ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಿ ಅಲ್ಲ, ರಸ್ತೆಯ ಫಲಕಗಳಲ್ಲಿ. ಬಾಗಿಲು ಕಾಯುವವರ ಕೋಣೆಯ ಮೇಲೆ ಒಂದು ರಷ್ಯನ್ ಫಲಕವಿತ್ತು. ಮಿಠಾಯಿ ಅಂಗಡಿಯ ಮೇಲೆ ಇನ್ನೊಂದು. ಎರಡು ಪದಗಳ ಕೊನೆಯಲ್ಲೂ ಸ್ಕಾಯಾ ಎಂಬ ಒಂದೇ ಬಾಲವಿತ್ತು. ಅಷ್ಟು ದಿನ ನೋಡಿಯೂ ಗಮನಿಸದಿದ್ದ ಫಲಕಗಳು ಅಂದು ದಾರಿ ತೋರಿಸಿದವು. ಬೇರು ಪದಗಳು ಕೆಲವು, ಅವಕ್ಕೆ ಅಂಟಿಸುವ ಪ್ರತ್ಯಯಗಳು ಕೆಲವು ಇದ್ದರೆ ಒಂದು ಪದದಿಂದ ಹತ್ತು ಪದ ಮಾಡಿಕೊಳ್ಳಬಹುದಲ್ಲ!

ಇದು ನಮಗೆ ಹೊಸದೇನಲ್ಲ. ತರೀಕೆರೆಯ ಪೇಟೆಯಲ್ಲಿ ನಡೆದರೆ ವಸ್ತ್ರಾಲಯ, ಔಷಧಾಲಯ, ಗ್ರಂಥಾಲಯ ಎಂಬ ಫಲಕಗಳು ಕಾಣುತ್ತವೆ. ಆಲಯ ಎಂದರೆ ಜಾಗ ಎಂದು ಒಮ್ಮೆ ಗೊತ್ತಾದರೆ ಮುಂದಿನ ಫಲಕ ತಾನಾಗಿ ಅರ್ಥವಾಗುತ್ತದೆ. ಉರ್ದುವಿನಲ್ಲಿ ಇದೇ ಕೆಲಸವನ್ನು ಖಾನಾ ಮಾಡುತ್ತದೆ. ಅದರಿಂದಲೇ ದವಾಖಾನೆ, ಕಾರ್ಖಾನೆ ಕನ್ನಡಕ್ಕೆ ಬಂದಿವೆ.

1878ರ ಡಿಸೆಂಬರ್ 17ರಂದು ಜಾಮೆನ್‌ಹೋಫ್ ಮತ್ತು ಅವರ ಶಾಲೆಯ ಗೆಳೆಯರು ಮನೆಯಲ್ಲಿ ಸೇರಿ ಹೊಸ ಭಾಷೆಯ ಹುಟ್ಟುಹಬ್ಬ ಆಚರಿಸಿದರು. ಅದರಲ್ಲೇ ಮಾತನಾಡಿದರು, ಹಾಡಿದರು. ಜಾಮೆನ್‌ಹೋಫ್ ಅವರಿಗೆ 19 ತುಂಬಿ ಎರಡು ದಿನವಾಗಿತ್ತು. ಅಂದರೆ ನನಗಿಂತ ಎರಡೇ ವರ್ಷ ದೊಡ್ಡವರು. ಶಾಲೆ ಮುಗಿದ ಮೇಲೆ ಗೆಳೆಯರು ಒಬ್ಬೊಬ್ಬರಾಗಿ ದೂರವಾದರು. ಮಗ ಹುಚ್ಚನೆಂದು ಹೆಸರು ಪಡೆದು ಓದು ಹಾಳುಮಾಡಿಕೊಂಡಾನು ಎಂದು ತಂದೆಗೆ ಭಯ. ವೈದ್ಯಕೀಯ ಓದು ಮುಗಿಯುವವರೆಗೆ ಭಾಷೆಯ ಕೆಲಸ ಮುಟ್ಟಬಾರದು ಎಂದು ಮಾತು ತೆಗೆದುಕೊಂಡು ಕಾಗದಗಳನ್ನು ತಮ್ಮ ಬಳಿ ಇಟ್ಟುಕೊಂಡರು. ಮಗ ಮಾಸ್ಕೋಗೆ ಓದಲು ಹೋಗಿ 1881ರಲ್ಲಿ ಮರಳಿ ಬಂದಾಗ ಆ ಕಾಗದಗಳು ಇರಲಿಲ್ಲ. ತಂದೆ ಸುಟ್ಟುಹಾಕಿದ್ದರು ಎಂದು ಹೇಳುತ್ತಾರೆ. ಜಾಮೆನ್‌ಹೋಫ್ ನೆನಪಿನಿಂದಲೇ ಮತ್ತೆ ಬರೆಯತೊಡಗಿದರು. ಬರೆದದ್ದನ್ನು ತಾವೇ ಗಟ್ಟಿಯಾಗಿ ಓದಿ, ತೊಡಕಾದ ಕಡೆ ತಿದ್ದಿದರು. 1885ರಲ್ಲಿ ವೈದ್ಯರಾದರು.

ಈ ಭಾಷೆ ಹೇಗಿದೆ ಎಂಬುದನ್ನು ಸ್ವಲ್ಪ ನೋಡೋಣ. ಅದರಲ್ಲಿ 28 ಅಕ್ಷರಗಳು: 5 ಸ್ವರ, 23 ವ್ಯಂಜನ. ಕನ್ನಡದ ಹಾಗೆ ಬರೆದಂತೆ ಓದಬಹುದು, ಇಂಗ್ಲಿಷಿನ ಹಾಗೆ ಊಹಿಸಬೇಕಾಗಿಲ್ಲ. ಒತ್ತು ಯಾವಾಗಲೂ ಕೊನೆಯಿಂದ ಎರಡನೆಯ ಸ್ವರದ ಮೇಲೆ. ಬಲ ಮತ್ತು ಬಾಲದ ಹಾಗೆ ಹ್ರಸ್ವ ದೀರ್ಘದಿಂದ ಅರ್ಥ ಬದಲಾಗುವುದಿಲ್ಲ. ಟ, ಡ, ಣ, ಳ ಇಲ್ಲ. ಮಹಾಪ್ರಾಣವೂ ಇಲ್ಲ.

ಉಚ್ಚಾರದ ಕಷ್ಟ ಎಂಥದ್ದು ಎಂದು ನಮ್ಮಂಥ ಮನೆಯವರಿಗೆ ಚೆನ್ನಾಗಿ ಗೊತ್ತು. ಉರ್ದುವಿನಲ್ಲಿ ಳ ಇಲ್ಲ. ಆದ್ದರಿಂದ ನಮ್ಮ ಹಿರಿಯರ ಬಾಯಲ್ಲಿ ಬೆಳೆ ಎಂಬುದು ಬೆಲೆ ಆಗಿಬಿಡುತ್ತದೆ. ಮಂಡಿಯಲ್ಲಿ ಬೆಳೆ ಯಾವುದು, ಬೆಲೆ ಯಾವುದು ಎಂದು ತಿಳಿಯದಿದ್ದರೆ ವ್ಯಾಪಾರ ನಡೆಯುವುದಿಲ್ಲ. ಇದಕ್ಕೆ ನಗುವವರೂ ಇದ್ದಾರೆ. ಅದೇ ಜನರಿಗೆ ಖಬರ್ ಎನ್ನುವಾಗ ಗಂಟಲಿನಿಂದ ಬರುವ ನಮ್ಮ ಖ ಹೇಳಲು ಹೇಳಿ ನೋಡಿ, ಆಗ ನಗುವ ಸರದಿ ನಮ್ಮದು. ಪ್ರತಿ ನಾಲಿಗೆಗೂ ಅದರದೇ ಒಂದು ಮಿತಿ ಇದೆ. ಜಾಮೆನ್‌ಹೋಫ್ ಅವರೂ ಈ ಮಿತಿಯಿಂದ ಹೊರಗಿರಲಿಲ್ಲ. ಗಂಟಲಿನ ಆ ಖ ಅವರ ಭಾಷೆಯಲ್ಲೂ ಇದೆ. ಪೋಲಿಷ್, ರಷ್ಯನ್ ಕೇಳಿ ಬೆಳೆದವರಾದ್ದರಿಂದ ಒತ್ತಕ್ಷರಗಳನ್ನೂ ಧಾರಾಳವಾಗಿ ಬಳಸಿದ್ದಾರೆ.

ವ್ಯಾಕರಣಕ್ಕೆ ಒಟ್ಟು 16 ನಿಯಮಗಳು. ನಾಮಪದವೆಲ್ಲ ಓ ಸ್ವರದಿಂದ ಮುಗಿಯುತ್ತದೆ, ಗುಣವಾಚಕ ಆ ಸ್ವರದಿಂದ. ಬಹುವಚನಕ್ಕೆ ಯ್, ಕರ್ಮಕ್ಕೆ ನ್. ಲಿಬ್ರೊ ಎಂದರೆ ಪುಸ್ತಕ, ಲಿಬ್ರೊಯ್ ಎಂದರೆ ಪುಸ್ತಕಗಳು, ಲಿಬ್ರೊಯ್ನ್ ಎಂದರೆ ಪುಸ್ತಕಗಳನ್ನು. ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಪುಸ್ತಕ, ಗಳು, ಅನ್ನು ಎಂದು ನಾವು ಸೇರಿಸುವ ಕ್ರಮವೇ ಅಲ್ಲೂ ಇದೆ. ಹೀಗೆ ಬೇರು ಪದಕ್ಕೆ ಪ್ರತ್ಯಯಗಳನ್ನು ಒಂದರ ಹಿಂದೆ ಒಂದು ಅಂಟಿಸುವ ಭಾಷೆಗಳನ್ನು ಅಂಟು ಭಾಷೆಗಳು ಎನ್ನುತ್ತಾರೆ. ಕನ್ನಡವೂ ತುರ್ಕಿಯೂ ಆ ಗುಂಪಿನವು. ಒಂದು ಕಡೆ ಕನ್ನಡವೇ ಸುಲಭ. ಒಳ್ಳೆಯ ಪುಸ್ತಕ, ಒಳ್ಳೆಯ ಪುಸ್ತಕಗಳು ಎನ್ನುವಾಗ ನಾವು ಒಳ್ಳೆಯ ಎಂಬುದನ್ನು ಬದಲಿಸುವುದಿಲ್ಲ. ಎಸ್ಪೆರಾಂಟೊದಲ್ಲಿ ಅದಕ್ಕೂ ಯ್ ಸೇರಿಸಬೇಕು.

ಕ್ರಿಯಾಪದದಲ್ಲಿ ಮಾತ್ರ ಎಸ್ಪೆರಾಂಟೊ ಗೆಲ್ಲುತ್ತದೆ. ಕನ್ನಡದಲ್ಲಿ ಮಾರುತ್ತೇನೆ, ಮಾರುತ್ತಾನೆ, ಮಾರುತ್ತಾಳೆ, ಮಾರುತ್ತಾರೆ ಎಂದು ಬದಲಾಯಿಸುತ್ತಲೇ ಇರಬೇಕು. ಅಲ್ಲಿ ಎಲ್ಲರಿಗೂ ವೆಂದಸ್ ಒಂದೇ. ನಿನ್ನೆಯದು ವೆಂದಿಸ್, ನಾಳೆಯದು ವೆಂದೊಸ್. ಮಾರುವವರು ವೆಂದಿಸ್ತೊ, ಮಾರುವ ಜಾಗ ವೆಂದೇಯೊ. ಈ ಏಯ್ ಎಂಬುದೇ ನಮ್ಮ ಆಲಯ, ನಮ್ಮ ಖಾನಾ. ಇನ್ನೊಂದು ದೊಡ್ಡ ಉದಾಹರಣೆ ಮಲ್ಸನುಲೇಯೊ. ಮಲ್ ಎಂದರೆ ವಿರುದ್ಧ, ಸನ್ ಎಂದರೆ ಆರೋಗ್ಯ, ಉಲ್ ಎಂದರೆ ಅಂಥ ವ್ಯಕ್ತಿ, ಏಯ್ ಎಂದರೆ ಜಾಗ, ಕೊನೆಯ ಓ ನಾಮಪದದ ಗುರುತು. ಎಲ್ಲ ಸೇರಿದರೆ ಆಸ್ಪತ್ರೆ.

ಕನ್ನಡವನ್ನು ಜನ ಮೊದಲು ಮಾತನಾಡಿದರು, ಕೇಶಿರಾಜ 13ನೇ ಶತಮಾನದಲ್ಲಿ ಅದರ ವ್ಯಾಕರಣ ಬರೆದ. ಇಲ್ಲಿ ವ್ಯಾಕರಣ ಮೊದಲು ಸಿದ್ಧವಾಯಿತು, ಮಾತನಾಡುವ ಜನ ಆಮೇಲೆ ಬರಬೇಕಾಗಿತ್ತು. ಅವರನ್ನು ಎಲ್ಲಿಂದ ತರುವುದು? ಪುಸ್ತಕ ಅಚ್ಚು ಹಾಕಿಸಲು ಜಾಮೆನ್‌ಹೋಫ್ ಅವರ ಬಳಿ ಹಣವಿರಲಿಲ್ಲ, ಪ್ರಕಾಶಕರು ಯಾರೂ ಮುಂದೆ ಬರಲಿಲ್ಲ. ಅವರು ಮದುವೆಯಾಗಲಿದ್ದ ಕ್ಲಾರಾ ಅವರ ತಂದೆ ಸಾಬೂನು ತಯಾರಿಸುವ ಉದ್ಯಮಿ. ಮಗಳಿಗೆಂದು ಅವರು ಕೊಟ್ಟ ಹಣದಿಂದ 1887ರ ಜುಲೈ 26ರಂದು ವಾರ್ಸಾದಲ್ಲಿ ಮೊದಲ ಪುಸ್ತಕ ಹೊರಬಂತು. ಸುಮಾರು 40 ಪುಟ, 16 ನಿಯಮ, ಸುಮಾರು 900 ಬೇರು ಪದಗಳು. ಲೇಖಕರ ನಿಜವಾದ ಹೆಸರಿರಲಿಲ್ಲ. ಆಶಿಸುವ ವೈದ್ಯ ಎಂಬ ಅರ್ಥದಲ್ಲಿ ಡಾಕ್ಟರ್ ಎಸ್ಪೆರಾಂಟೊ ಎಂದು ಹಾಕಿಕೊಂಡಿದ್ದರು. ಜನ ಆ ಹೆಸರನ್ನೇ ಭಾಷೆಗೆ ಇಟ್ಟುಬಿಟ್ಟರು. ಅದೇ ಆಗಸ್ಟ್‌ನಲ್ಲಿ ಮದುವೆಯಾಯಿತು. ಪುಸ್ತಕಗಳನ್ನು ಕಟ್ಟಿ ಅಂಚೆಗೆ ಹಾಕುವ ಕೆಲಸದಲ್ಲಿ ಕ್ಲಾರಾ ಅವರೂ ಕೈಜೋಡಿಸಿದರು.

ಕಾಮರ್ಸ್ ಓದುವ ನಾನು ಈ ಪುಸ್ತಕದ ಎರಡು ಸಂಗತಿಗಳನ್ನು ಹೇಳಲೇಬೇಕು. ಒಂದು, ಅದರಲ್ಲಿ ಕತ್ತರಿಸಿ ಕಳುಹಿಸುವ ಚೀಟಿಗಳಿದ್ದವು. ಒಂದು ಕೋಟಿ ಜನ ಒಪ್ಪಿದರೆ ನಾನೂ ಈ ಭಾಷೆ ಕಲಿಯುತ್ತೇನೆ ಎಂದು ಸಹಿ ಮಾಡುವ ಚೀಟಿ. ಕೋಟಿ ಜನ ಬರಲಿಲ್ಲ. 1889ರಲ್ಲಿ ಅವರು ಪ್ರಕಟಿಸಿದ ವಿಳಾಸಗಳ ಪಟ್ಟಿಯಲ್ಲಿ ಇದ್ದದ್ದು 1,000 ಹೆಸರು. ಎರಡು, ಭಾಷೆಯ ಮೇಲಿನ ಹಕ್ಕನ್ನೆಲ್ಲ ಅವರು ಬಿಟ್ಟುಕೊಟ್ಟರು. ಭಾಷೆ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದು ಎಂದು ಸಾರಿದರು. ಬಂಡವಾಳ ಹಾಕಿದವರು ಲಾಭದ ಪಾಲನ್ನೇ ಬೇಡ ಎನ್ನುವ ವ್ಯವಹಾರವನ್ನು ನಮ್ಮ ಪಠ್ಯಪುಸ್ತಕದಲ್ಲಿ ನಾನು ನೋಡಿಲ್ಲ.

ನಷ್ಟ ಮಾತ್ರ ಅವರದೇ ಆಯಿತು. ಮಾವ ಕೊಟ್ಟ ಹಣ ಪುಸ್ತಕಗಳಿಗೇ ಕರಗಿತು. ವೃತ್ತಿ ಹುಡುಕಿಕೊಂಡು ಖೆರ್ಸಾನ್, ಗ್ರೋಡ್ನೋ ಎಂದು ಊರೂರು ತಿರುಗಿದರು. ಕೊನೆಗೆ ವಾರ್ಸಾದ ಬಡ ಯಹೂದಿಗಳ ಬೀದಿಯೊಂದರಲ್ಲಿ ನೆಲೆಸಿ, ಅತಿ ಕಡಿಮೆ ಶುಲ್ಕಕ್ಕೆ ಕಣ್ಣು ಪರೀಕ್ಷಿಸುತ್ತಿದ್ದರು. ಹಗಲು ರೋಗಿಗಳು, ರಾತ್ರಿ ಭಾಷೆ. ಅವರ ಭಾಷೆಯ ಪತ್ರಿಕೆಯಲ್ಲಿ ಟಾಲ್‌ಸ್ಟಾಯ್ ಅವರ ಲೇಖನ ಬಂದದ್ದಕ್ಕೆ 1895ರಲ್ಲಿ ರಷ್ಯ ಸರ್ಕಾರ ಆ ಪತ್ರಿಕೆಯನ್ನು ದೇಶದೊಳಗೆ ಬಿಡಲಿಲ್ಲ. ಹೆಚ್ಚಿನ ಓದುಗರು ರಷ್ಯದಲ್ಲೇ ಇದ್ದರು. ಪತ್ರಿಕೆ ನಿಂತಿತು.

ಹಾಗಿದ್ದೂ ಭಾಷೆ ನಿಲ್ಲಲಿಲ್ಲ. 1905ರಲ್ಲಿ ಫ್ರಾನ್ಸ್‌ನ ಬುಲೋನ್ ಎಂಬ ಸಮುದ್ರ ತೀರದ ಊರಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. 20 ದೇಶಗಳಿಂದ 688 ಜನ ಬಂದರು. ಕಾಗದದ ಮೇಲೆ ಮಾತ್ರ ಕಲಿತಿದ್ದವರು ಅಲ್ಲಿ ಮೊದಲ ಸಲ ಒಬ್ಬರ ಮಾತು ಇನ್ನೊಬ್ಬರು ಕೇಳಿದರು, ಅರ್ಥವೂ ಆಯಿತು. ಅದೇ ವರ್ಷ ಭಾಷೆಯ ತಳಹದಿಯ ಪುಸ್ತಕ ಬಂತು. ಆ 16 ನಿಯಮಗಳನ್ನು ಯಾರೂ ಬದಲಿಸುವಂತಿಲ್ಲ, ಮಾಡಿದವರೂ ಬದಲಿಸುವಂತಿಲ್ಲ ಎಂದು ಗೊತ್ತಾಯಿತು. ಪಾಲುದಾರಿಕೆ ಪತ್ರಕ್ಕೆ ಎಲ್ಲ ಪಾಲುದಾರರೂ ಬದ್ಧರಾಗುವಂತೆ ಇದು.

ಮರುವರ್ಷ, 1906ರ ಜೂನ್‌ನಲ್ಲಿ, ಅವರು ಹುಟ್ಟಿದ ಬಿಯಾಲಿಸ್ಟಾಕ್‌ನಲ್ಲಿ ಯಹೂದಿಗಳ ಮೇಲೆ ಭೀಕರ ದಾಳಿ ನಡೆದು ಅನೇಕರು ಸತ್ತರು. ಕೆಲವೇ ವಾರಗಳ ನಂತರ ಜಿನೀವಾದ ಸಮ್ಮೇಳನದಲ್ಲಿ ಜಾಮೆನ್‌ಹೋಫ್ ಅದನ್ನು ಪ್ರಸ್ತಾಪಿಸಿದರು. ಒಂದೇ ಭಾಷೆ ಬಂದರೆ ದ್ವೇಷವೆಲ್ಲ ಮಾಯವಾಗುತ್ತದೆ ಎಂದು ತಾವು ನಂಬಿಲ್ಲ, ಆದರೆ ಒಬ್ಬರನ್ನೊಬ್ಬರು ಅರಿಯದವರ ನಡುವೆ ಸುಳ್ಳು ಹರಡುವುದು ಬಹಳ ಸುಲಭ ಎಂಬುದು ಅವರ ವಾದದ ಸಾರ.

1914ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಸಮ್ಮೇಳನ ನಡೆಯಬೇಕಿತ್ತು. ಸುಮಾರು 3,700 ಜನ ಹೆಸರು ಕೊಟ್ಟಿದ್ದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜಾಮೆನ್‌ಹೋಫ್ ಜರ್ಮನಿಯ ಕಲೋನ್‌ವರೆಗೆ ಹೋಗಿ, ಸುತ್ತಿ ಬಳಸಿ ಕಷ್ಟಪಟ್ಟು ಮನೆಗೆ ಮರಳಿದರು. ಹೃದಯದ ಕಾಯಿಲೆ ಹೆಚ್ಚಿತ್ತು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ 1917ರ ಏಪ್ರಿಲ್ 14ರಂದು ವಾರ್ಸಾದಲ್ಲಿ ತೀರಿಕೊಂಡರು. ಅವರಿಗೆ ಮೂವರು ಮಕ್ಕಳು. ಮಗ ಆಡಂ ತಂದೆಯಂತೆ ಕಣ್ಣಿನ ವೈದ್ಯ. ಅವರನ್ನು ನಾಜಿಗಳು 1940ರಲ್ಲಿ ಗುಂಡಿಟ್ಟು ಕೊಂದರು. ಮಗಳು ಸೋಫಿಯಾ ವೈದ್ಯೆ, ಕಿರಿಯ ಮಗಳು ಲಿಡಿಯಾ ಎಸ್ಪೆರಾಂಟೊ ಶಿಕ್ಷಕಿ. ಇಬ್ಬರೂ 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ ಕೊಲೆಯಾದರು. ಇದನ್ನು ಓದಿದ ದಿನ ನನಗೆ ಮುಂದೆ ಏನೂ ಓದಲು ಮನಸ್ಸಾಗಲಿಲ್ಲ.

ಎಸ್ಪೆರಾಂಟೊಗೆ ಟೀಕೆಗಳೂ ಇವೆ. ಎಲ್ಲರಿಗೂ ಸಮಾನ ಎಂದರೂ ಅದರ ಬೇರು ಪದಗಳು ಬಹುತೇಕ ಯುರೋಪಿನವು. ಫ್ರೆಂಚ್ ಮಕ್ಕಳು ಊಹಿಸುವ ಪದವನ್ನು ಕಡೂರಿನ ಮಕ್ಕಳು ಬಾಯಿಪಾಠ ಮಾಡಬೇಕು. ತಂದೆ ಪಾತ್ರೊ, ಅದಕ್ಕೆ ಸ್ತ್ರೀ ಪ್ರತ್ಯಯ ಅಂಟಿಸಿದರೆ ತಾಯಿ ಪತ್ರೀನೊ. ತಾಯಿಗೆ ಸ್ವಂತ ಪದ ಏಕಿಲ್ಲ ಎಂದು ಕೇಳುವವರಿದ್ದಾರೆ. ಎರಡೂ ನ್ಯಾಯವಾದ ಪ್ರಶ್ನೆಗಳು. ಅವರು ಬಯಸಿದಂತೆ ಅದು ಇಡೀ ಜಗತ್ತಿನ ಭಾಷೆಯೂ ಆಗಲಿಲ್ಲ. ಆದರೆ ಸತ್ತೂ ಹೋಗಲಿಲ್ಲ. 1954ರಲ್ಲಿ ಯುನೆಸ್ಕೊ ಅದರ ಪರವಾಗಿ ನಿರ್ಣಯ ಮಾಡಿತು. 1969ರಲ್ಲಿ ಕುರ್‌ಆನ್‌ನ ಅನುವಾದವೂ ಆ ಭಾಷೆಯಲ್ಲಿ ಪ್ರಕಟವಾಯಿತು. ಯಹೂದಿ ಧರ್ಮಗ್ರಂಥವನ್ನು ಜಾಮೆನ್‌ಹೋಫ್ ಅವರೇ ಅನುವಾದಿಸಿದ್ದರು.

ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಇಷ್ಟು. ಜಾಮೆನ್‌ಹೋಫ್ ಯಾರಿಗೂ ಮನೆಮಾತು ಬಿಡಲು ಹೇಳಲಿಲ್ಲ. ಎಸ್ಪೆರಾಂಟೊ ಯಾರ ಮೊದಲ ಭಾಷೆಯ ಜಾಗಕ್ಕೂ ಬರಬಾರದು, ಎಲ್ಲರ ಎರಡನೆಯ ಭಾಷೆಯಾಗಬೇಕು ಎಂಬುದು ಅವರ ಆಸೆ. ಹೊಸ ಭಾಷೆ ಕಟ್ಟುತ್ತಿದ್ದ ಆ ವರ್ಷಗಳಲ್ಲೇ ಅವರು ತಮ್ಮವರ ಯಿಡ್ಡಿಷ್ ಭಾಷೆಗೂ ಒಂದು ವ್ಯಾಕರಣ ಬರೆದರು. ಒಂದು ಕೈಯಲ್ಲಿ ಎಲ್ಲರ ಭಾಷೆ, ಇನ್ನೊಂದು ಕೈಯಲ್ಲಿ ಮನೆಯ ಭಾಷೆ. ಎರಡನೆಯದನ್ನು ಕಲಿಯುವುದು ಎಂದರೆ ಮೊದಲನೆಯದಕ್ಕೆ ಬೆನ್ನು ತಿರುಗಿಸುವುದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ಇನ್ನೊಂದು ಮಾತು. ಎಸ್ಪೆರಾಂಟೊದಲ್ಲಿ ಎರಡೂ ಕಡೆಯವರು ಒಂದೊಂದು ಹೆಜ್ಜೆ ಇಡಬೇಕು. ನಮ್ಮ ಊರುಗಳಲ್ಲಿ ಅಬ್ಬಾನಂಥವರು ಕನ್ನಡ ಕಲಿತು ಹತ್ತು ಹೆಜ್ಜೆ ಇಟ್ಟಿದ್ದಾರೆ. ಕನ್ನಡ ಅವರ ಭಾಷೆ, ನಮ್ಮದಲ್ಲ ಎನ್ನುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಬಾಲ್ಯದಿಂದ ಪಕ್ಕದ ಮನೆಯಲ್ಲಿದ್ದರೂ ಉರ್ದುವಿನ ಹತ್ತು ಪದ ಕಲಿಯಬೇಕು ಎನಿಸದ ಕನ್ನಡದ ಗೆಳೆಯರೂ ಇದ್ದಾರೆ. ನಮಗೆ ತಿಳಿಯದಂತೆ ಈ ಭಾಷೆಗಳು ಆಗಲೇ ಕೈಹಿಡಿದಿವೆ. ನಮ್ಮ ಅಕೌಂಟೆನ್ಸಿ ಪುಸ್ತಕ ತೆರೆಯಿರಿ. ಪಾಲುದಾರಿಕೆ ಎಂಬ ಪದದಲ್ಲಿ ಪಾಲು ಕನ್ನಡದ್ದು, ದಾರ್ ಫಾರ್ಸಿಯಿಂದ ಉರ್ದುವಿನ ಮೂಲಕ ಬಂದದ್ದು, ಇಕೆ ಮತ್ತೆ ಕನ್ನಡದ್ದು. ಷೇರುದಾರರಿಗೆ ಎಂಬ ಪದದಲ್ಲಿ ಇಂಗ್ಲಿಷ್, ಫಾರ್ಸಿ, ಕನ್ನಡ ಮೂರೂ ಇವೆ. ಇದನ್ನು ಯಾವ ಪಂಡಿತರೂ ಕೂತು ಮಾಡಲಿಲ್ಲ. ಒಟ್ಟಿಗೆ ವ್ಯಾಪಾರ ಮಾಡಿದ ಜನ ಮಾಡಿದರು.

ನಾನು ಕನ್ನಡವನ್ನೇ ತೆಗೆದುಕೊಂಡೆ. ಭಾನುವಾರಗಳಂದು ನಾನಿಯ ಹತ್ತಿರ ಕೂತು ಉರ್ದು ಬರವಣಿಗೆಯನ್ನೂ ಕಲಿಯುತ್ತಿದ್ದೇನೆ. ಮುಂದಿನ ಸಂಚಿಕೆಗೆ ಇದೇ ಲೇಖನವನ್ನು ಉರ್ದುವಿನಲ್ಲಿ ಬರೆದು ಕೊಡುವ ಯೋಚನೆ ಇದೆ. ತಿದ್ದಿಕೊಡುವುದಾಗಿ ನಾನಿ ಒಪ್ಪಿದ್ದಾರೆ.